ಬ್ರಿಟನ್ನಿನ ಸ್ಟೂಡೆಂಟ್ ವೀಸಾ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬ್ರಿಟನ್ನಿನ ಸ್ಟೂಡೆಂಟ್ ವೀಸಾ ಬಗ್ಗೆ ಕೇಳಿದವರೇ ಜಾಸ್ತಿ. ಉತ್ತರ ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ, ವಿದೇಶಿ ವಿದ್ಯಾರ್ಥಿಗಳ ವೀಸಾ ನೋಡಿಕೊಳ್ಳುವ ಆಫೀಸಿನಲ್ಲಿ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಅಲ್ಲಿ ಒಳಗೆ ಏನು ನಡೆಯುತ್ತದೆ ಅಂತ ನಮ್ಮವರಿಗೆ ಯಾರೂ ಹೇಳುವುದಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಮನಸ್ಸು ಸರಿಯಿಲ್ಲ ಅಂತ ಆರು ವಾರದಿಂದ ಕ್ಲಾಸಿಗೆ ಹೋಗಿಲ್ಲವಂತೆ. ಹೀಗೇ ಆದರೆ ಸ್ಪಾನ್ಸರ್‌ಶಿಪ್ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಯೂನಿವರ್ಸಿಟಿ ಇಮೇಲ್ ಕಳಿಸಿದೆ. ನಾನು ಫೋನ್ ಮಾಡಿದರೆ ಅವನ ಬಗ್ಗೆ ಒಂದು ಮಾತನ್ನೂ ಹೇಳಲಿಲ್ಲ. ಲಕ್ಷಗಟ್ಟಲೆ ಫೀಸ್ ಕಟ್ಟಿಸಿಕೊಂಡವರು ಪೊಲೀಸರ ಹಾಗೆ ನಡೆದುಕೊಳ್ಳಬಹುದೇ?
– ಹೆಸರು ಬೇಡ, ದಾವಣಗೆರೆ

ಸರ್, ಮೊದಲು ಮಗನಿಗೆ ಫೋನ್ ಮಾಡಿ. ವೀಸಾ ಮಾತು ಎತ್ತಬೇಡಿ, ಫೀಸ್ ಮಾತು ಮೊದಲೇ ಬೇಡ. ಊಟ ಮಾಡಿದ್ದಾನಾ, ನಿದ್ದೆ ಬರುತ್ತಿದೆಯಾ ಅಂತ ಕೇಳಿ. ನವೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ. ರೂಮಿನಲ್ಲಿ ಒಬ್ಬನೇ ಕೂತ ಹುಡುಗ ಇಮೇಲ್ ತೆರೆಯುವುದನ್ನೇ ಬಿಟ್ಟುಬಿಡುತ್ತಾನೆ. ನನ್ನ ಮೇಜಿನ ಮುಂದೆ ಅಂಥ ಮಕ್ಕಳು ಬಂದು ಅತ್ತಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಬೈಗುಳದ ಭಯ ಇತ್ತು, ಅಷ್ಟೇ.

ನಿಮ್ಮ ಫೋನಿಗೆ ಅವರು ಉತ್ತರ ಕೊಡಲಿಲ್ಲ ಅಂದಿರಿ. ಹದಿನೆಂಟು ತುಂಬಿದ ಮೇಲೆ ಅವನ ಮಾಹಿತಿ ಅವನದು. ಅಪ್ಪನಾದರೂ ಸರಿ, ಅವನ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ. ಅಲ್ಲಿನ ಡೇಟಾ ಕಾನೂನು ಹಾಗಿದೆ. ನಮ್ಮ ಕಡೆಯ ತಂದೆ ತಾಯಿಗೆ ಇದು ತುಂಬಾ ನೋವು ಕೊಡುತ್ತದೆ, ನನಗೆ ಅರ್ಥವಾಗುತ್ತದೆ. ಮಗ ತನ್ನ ಯೂನಿವರ್ಸಿಟಿ ಇಮೇಲ್‌ನಿಂದ 'ನನ್ನ ವಿಷಯ ಅಪ್ಪನ ಜೊತೆ ಮಾತಾಡಬಹುದು' ಎಂದು ಬರೆದರೆ ಸಾಮಾನ್ಯವಾಗಿ ಸಾಕು. ಇಂದೇ ಬರೆಸಿ.

ಈಗ ಪೊಲೀಸರ ಮಾತು. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅಲ್ಲಿನ ಯೂನಿವರ್ಸಿಟಿಗೆ ಹೋಮ್ ಆಫೀಸಿನ (ಅಲ್ಲಿನ ಗೃಹ ಇಲಾಖೆ, ವೀಸಾ ನೋಡಿಕೊಳ್ಳುವುದು ಅದೇ) ಸ್ಪಾನ್ಸರ್ ಲೈಸೆನ್ಸ್ ಬೇಕು. ನಿಮ್ಮ ಮಗನಿಗೆ ಕ್ಯಾಸ್ ನಂಬರ್ (ವೀಸಾ ಅರ್ಜಿಗೆ ಬೇಕಾದ, ಯೂನಿವರ್ಸಿಟಿ ಕೊಡುವ ದೃಢೀಕರಣ) ಕೊಟ್ಟಾಗ 'ಇವನು ಬಂದು ಓದುತ್ತಾನೆ, ಇವನ ಮೇಲೆ ಕಣ್ಣಿಡುವ ಜವಾಬ್ದಾರಿ ನಮ್ಮದು' ಎಂದು ಆ ಲೈಸೆನ್ಸಿನ ಮೇಲೆ ಮಾತು ಕೊಟ್ಟ ಹಾಗೆ. ಅವನು ದಾಖಲಾಗದಿದ್ದರೆ, ಓದು ಬಿಟ್ಟರೆ, ಕೋರ್ಸ್ ಬೇಗ ಮುಗಿಸಿದರೆ, ಎಲ್ಲವನ್ನೂ 10 ಕೆಲಸದ ದಿನಗಳ ಒಳಗೆ ಹೋಮ್ ಆಫೀಸಿಗೆ ತಿಳಿಸಬೇಕು. ಅದಕ್ಕೆಂದೇ ಒಂದು ಆನ್‌ಲೈನ್ ವ್ಯವಸ್ಥೆ ಇದೆ. ಡಿಗ್ರಿ ಮಟ್ಟದ ಓದಿನಲ್ಲಿ 60 ದಿನ ಕ್ಲಾಸು, ಅಸೈನ್‌ಮೆಂಟು, ಗೈಡ್ ಭೇಟಿ ಯಾವುದರಲ್ಲೂ ಸುಳಿವೇ ಇಲ್ಲದಿದ್ದರೆ ಸ್ಪಾನ್ಸರ್‌ಶಿಪ್ ನಿಲ್ಲಿಸಲೇಬೇಕು. ಅವರ ಇಷ್ಟಕ್ಕೆ ಬಿಟ್ಟದ್ದಲ್ಲ ಅದು.

ಯಾಕಿಷ್ಟು ಹೆದರುತ್ತಾರೆ? 2012ರ ಆಗಸ್ಟ್‌ನಲ್ಲಿ ಲಂಡನ್ ಮೆಟ್ರೊಪಾಲಿಟನ್ ಯೂನಿವರ್ಸಿಟಿಯ ಲೈಸೆನ್ಸ್ ರದ್ದಾಯಿತು. ಹಾಜರಾತಿ ನೋಡುವುದು, ಇಂಗ್ಲಿಷ್ ಪರೀಕ್ಷಿಸುವುದು ಸರಿಯಾಗಿ ನಡೆದಿಲ್ಲ ಅನ್ನುವುದು ಸರ್ಕಾರದ ಆರೋಪ. ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ರಾತ್ರೋರಾತ್ರಿ ಅತಂತ್ರರಾದರು. ಪ್ರಾಮಾಣಿಕವಾಗಿ ಓದುತ್ತಿದ್ದವರೂ ಬೇರೆ ಯೂನಿವರ್ಸಿಟಿ ಹುಡುಕಿಕೊಳ್ಳಬೇಕು, ಇಲ್ಲ ದೇಶ ಬಿಡಬೇಕು ಅನ್ನುವ ಸ್ಥಿತಿ. ವಿಷಯ ಕೋರ್ಟಿಗೆ ಹೋದ ಮೇಲೆ ಆಗಲೇ ಓದುತ್ತಿದ್ದವರಿಗೆ ಸ್ವಲ್ಪ ಉಸಿರಾಡಲು ಅವಕಾಶ ಸಿಕ್ಕಿತು. ಲೈಸೆನ್ಸ್ ವಾಪಸ್ ಬಂದಿದ್ದು 2013ರಲ್ಲಿ. ಅಲ್ಲಿಂದೀಚೆಗೆ ಬ್ರಿಟನ್ನಿನ ಯೂನಿವರ್ಸಿಟಿಗಳು ಹಾಜರಾತಿಯನ್ನು ಹಗುರವಾಗಿ ತೆಗೆದುಕೊಳ್ಳುವುದು ಕಡಿಮೆ.

ನನ್ನ ಮನಸ್ಸಿನ ಮಾತನ್ನೂ ಹೇಳುತ್ತೇನೆ. ಪಾಠ ಹೇಳುವವರ ಮೇಲೆ ಗಡಿ ಕಾಯುವ ಕೆಲಸವನ್ನೂ ಹೊರಿಸಿದ್ದು ತಪ್ಪು. ಕಷ್ಟ ಹೇಳಿಕೊಳ್ಳಲು ಹುಡುಗ ಬರಬೇಕಾದ ಆಫೀಸೇ ಅವನ ಗೈರುಹಾಜರಿ ಪಟ್ಟಿ ಇಟ್ಟುಕೊಂಡಿರುತ್ತದೆ. ಹಾಗಾದಾಗ ಅವನು ಬರುವುದಾದರೂ ಹೇಗೆ? ಆದರೆ ನಿಯಮ ಬದಲಾಗುವ ತನಕ ನಿಮ್ಮ ಮಗ ಕಾಯುವಂತಿಲ್ಲ.

ಆರು ವಾರ ಅಂದಿರಿ. ಇನ್ನೂ ಸಮಯವಿದೆ. ಕೆಲವು ಯೂನಿವರ್ಸಿಟಿಗಳ ಸ್ವಂತ ನಿಯಮ ಇನ್ನೂ ಬಿಗಿ ಇರುತ್ತದೆ, ಹಾಗಾಗಿ ತಡ ಬೇಡ. ಅವನು ಆ ಇಮೇಲ್‌ಗೆ ಇವತ್ತೇ ಉತ್ತರ ಬರೆಯಲಿ. ನಾಲ್ಕು ಸಾಲು ಸಾಕು. ಅವನು ಹೆಸರು ನೋಂದಾಯಿಸಿರುವ ಜಿಪಿ (ಅಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೋಗಿ ಚೀಟಿ ತೆಗೆದುಕೊಳ್ಳಲಿ. ಹಾಜರಾತಿ ಪಟ್ಟಿ ಹಿಡಿದು ಕೂತವರಿಗೆ ಡಾಕ್ಟರ ಚೀಟಿ ಬಂದ ತಕ್ಷಣ ಅವನು ನಾಪತ್ತೆಯಾದವನಲ್ಲ, ಕಾಯಿಲೆಯಾದವನು. ಅದರಿಂದ ಎಷ್ಟೋ ಬದಲಾಗುತ್ತದೆ.

ಓದಲು ಆಗುವುದೇ ಇಲ್ಲ ಅನ್ನಿಸಿದರೆ ಕೋರ್ಸನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಊರಿಗೆ ಬರಬಹುದು. ಬಿಡುವು 60 ದಿನ ಮೀರಿದರೆ ಸಾಮಾನ್ಯವಾಗಿ ಈ ವೀಸಾ ಹೋಗುತ್ತದೆ. ಮುಂದಿನ ವರ್ಷ ಹೊಸ ಕ್ಯಾಸ್, ಹೊಸ ವೀಸಾ, ಮತ್ತೆ ಖರ್ಚು. ಆದರೂ ತಾನಾಗಿ ಹೇಳಿ ಬಂದವನ ದಾಖಲೆ ಚೊಕ್ಕವಾಗಿರುತ್ತದೆ. ಹೋಮ್ ಆಫೀಸ್ ಕೊನೆಯ ದಿನಾಂಕ ಕೊಟ್ಟರೆ ಅದು ದಾಟುವ ಮುಂಚೆ ಹೊರಡಲೇಬೇಕು.

ಯೂನಿವರ್ಸಿಟಿಯೇ ಅನ್ಯಾಯ ಮಾಡಿದೆ ಅನ್ನಿಸಿದರೆ ಮೊದಲು ಅಲ್ಲಿಯೇ ದೂರು ಕೊಡಬೇಕು. ಅಲ್ಲಿ ಮುಗಿದ ಮೇಲೆ ಒಂದು ಅಂತಿಮ ಪತ್ರ ಕೊಡುತ್ತಾರೆ. ಅದು ಕೈಗೆ ಬಂದು 12 ತಿಂಗಳೊಳಗೆ ಆಫೀಸ್ ಆಫ್ ದಿ ಇಂಡಿಪೆಂಡೆಂಟ್ ಅಡ್ಜುಡಿಕೇಟರ್ ಅನ್ನುವ, ವಿದ್ಯಾರ್ಥಿಗಳ ದೂರು ನೋಡುವ ಸ್ವತಂತ್ರ ಸಂಸ್ಥೆಯ ಬಳಿ ಹೋಗಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ವಿದ್ಯಾರ್ಥಿಗಳಿಗೆ ಅದು ಪೂರ್ತಿ ಉಚಿತ. ವೀಸಾ ವಾಪಸ್ ಕೊಡಿಸುವ ಅಧಿಕಾರ ಅವರಿಗಿಲ್ಲ. ಯೂನಿವರ್ಸಿಟಿ ನಡೆದುಕೊಂಡ ರೀತಿ ಸರಿಯೇ ಅಂತ ನೋಡುತ್ತಾರೆ.

ಪ್ರಶ್ನೆ: ಮೇಡಂ, ನನ್ನ ಓದಿಗೆ ಚಿಕ್ಕಪ್ಪ ದುಡ್ಡು ಕೊಡುತ್ತಿದ್ದಾರೆ. ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು, ಕಡಿಮೆ ಬಿದ್ದರೆ ನಾವೇ ಬ್ಯಾಲೆನ್ಸ್ ತೋರಿಸುತ್ತೇವೆ ಅಂತ ಏಜೆಂಟ್ ಹೇಳುತ್ತಾರೆ. ಯೂನಿವರ್ಸಿಟಿಯವರು ಕ್ಯಾಸ್ ಕೊಡುವ ಮುಂಚೆಯೇ ಸ್ಟೇಟ್‌ಮೆಂಟ್ ಕೇಳುತ್ತಿದ್ದಾರೆ, ಇಂಟರ್‌ವ್ಯೂ ಬೇರೆ. ಯಾಕೆ?
– ವಿದ್ಯಾರ್ಥಿನಿ, ಶಿವಮೊಗ್ಗ

ನೋಡಮ್ಮ, ಚಿಕ್ಕಪ್ಪನ ಸ್ಟೇಟ್‌ಮೆಂಟ್ ನಡೆಯುವುದಿಲ್ಲ. ದುಡ್ಡು ನಿನ್ನ ಅಕೌಂಟಿನಲ್ಲಿ ಇರಬೇಕು, ಇಲ್ಲ ಅಪ್ಪ ಅಮ್ಮನ ಅಕೌಂಟಿನಲ್ಲಿ. ಅಪ್ಪ ಅಮ್ಮನದಾದರೆ ನಿನ್ನ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಬೇಕು. ನಮ್ಮ ಮನೆಗಳಲ್ಲಿ ಚಿಕ್ಕಪ್ಪ, ಸೋದರಮಾವ, ಅಜ್ಜ ಓದಿಸುವುದು ಮಾಮೂಲು. ಆ ದೇಶದ ನಿಯಮ ಇದನ್ನು ಗುರುತಿಸುವುದಿಲ್ಲ. ಅದಕ್ಕೆ ದಾರಿ ಸುಲಭ. ಚಿಕ್ಕಪ್ಪ ಆ ದುಡ್ಡನ್ನು ನಿನ್ನ ಅಕೌಂಟಿಗೇ ಹಾಕಲಿ. ಅಲ್ಲಿ ಬಿಡದೆ 28 ದಿನ ಇರಲಿ. ಒಂದೇ ಒಂದು ದಿನ ಬೇಕಾದ ಮೊತ್ತಕ್ಕಿಂತ ಕೆಳಗಿಳಿದರೂ ಅರ್ಜಿ ಹೋಯಿತು. ಆ 28ನೇ ದಿನ, ನೀನು ಅರ್ಜಿ ಹಾಕುವ ದಿನಕ್ಕಿಂತ 31 ದಿನಕ್ಕೂ ಹಳೆಯದಾಗಿರಬಾರದು.

ಎಷ್ಟು ಬೇಕು? ಕಟ್ಟಲು ಬಾಕಿ ಇರುವ ಮೊದಲ ವರ್ಷದ ಫೀಸ್, ಜೊತೆಗೆ ಒಂಬತ್ತು ತಿಂಗಳ ಖರ್ಚು. 2025ರ ನವೆಂಬರ್ 11ರಿಂದ ಖರ್ಚಿನ ಲೆಕ್ಕ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್. ಅಂದರೆ ಲಂಡನ್ನಿಗೆ 13,761, ಹೊರಗಿನ ಊರಿಗೆ 10,539 ಪೌಂಡ್. ಈ ಮೊತ್ತವನ್ನು ಆಗಾಗ ಏರಿಸುತ್ತಾರೆ. ಅರ್ಜಿ ಹಾಕುವ ವಾರದಲ್ಲಿ ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲೇ ಒಮ್ಮೆ ನೋಡಿಕೋ.

ಏಜೆಂಟ್ 'ತೋರಿಸುತ್ತೇವೆ' ಅಂದರಲ್ಲ, ಆ ಮಾತು ಕೇಳಿ ನನಗೆ ಸಿಟ್ಟು ಬಂತು. ಸುಳ್ಳು ದಾಖಲೆ ಎಂದು ತೀರ್ಮಾನವಾದರೆ ವೀಸಾ ಸಿಗದಿರುವುದು ಮಾತ್ರವಲ್ಲ, 10 ವರ್ಷ ನಿರ್ಬಂಧ ಬೀಳಬಹುದು. ಅದು ನಿನ್ನ ಪಾಸ್‌ಪೋರ್ಟಿಗೆ ಅಂಟುವ ಕಳಂಕ, ಏಜೆಂಟಿಗೆ ಏನೂ ಆಗುವುದಿಲ್ಲ. ಅವರನ್ನು ಬಿಡು.

ಯೂನಿವರ್ಸಿಟಿ ಮೊದಲೇ ಕೇಳುವುದಕ್ಕೆ ಕಾರಣ ಇದೆ. ಪ್ರತಿ ವರ್ಷ ಹೋಮ್ ಆಫೀಸಿನ ಮೂರು ಲೆಕ್ಕಗಳಲ್ಲಿ ಅವರು ಪಾಸಾಗಬೇಕು. ವರ್ಷಗಳ ಕಾಲ ಇದ್ದ ನಿಯಮ ಹೀಗಿತ್ತು: ಅವರು ಕ್ಯಾಸ್ ಕೊಟ್ಟವರಲ್ಲಿ ವೀಸಾ ನಿರಾಕರಣೆ ಶೇ. 10ಕ್ಕಿಂತ ಕಡಿಮೆ ಇರಬೇಕು, ಕನಿಷ್ಠ ಶೇ. 90 ಮಂದಿ ಬಂದು ದಾಖಲಾಗಬೇಕು, ಕನಿಷ್ಠ ಶೇ. 85 ಮಂದಿ ಕೋರ್ಸ್ ಮುಗಿಸಬೇಕು. ಮೂರನ್ನೂ ಶೇ. 5ರಷ್ಟು ಬಿಗಿ ಮಾಡುತ್ತೇವೆ ಎಂದು 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಸರ್ಕಾರ ಹೇಳಿತು. ನಿನ್ನ ವೀಸಾ ತಿರಸ್ಕಾರವಾದರೆ ಅವರ ಲೆಕ್ಕಕ್ಕೂ ಪೆಟ್ಟು. ಆ ಇಂಟರ್‌ವ್ಯೂನಲ್ಲಿ ಇದೇ ಕೋರ್ಸ್ ಯಾಕೆ, ದುಡ್ಡು ಎಲ್ಲಿಂದ ಅಂತ ಕೇಳುತ್ತಾರೆ. ಕೋಚಿಂಗ್‌ನವರು ಬರೆದುಕೊಟ್ಟ ಉತ್ತರ ಒಪ್ಪಿಸಬೇಡ, ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಚಿಕ್ಕಪ್ಪ ಓದಿಸುತ್ತಿದ್ದಾರೆ ಅಂತ ಇರುವುದನ್ನೇ ಹೇಳು.

ಪ್ರಶ್ನೆ: ವಾರಕ್ಕೆ 20 ಗಂಟೆ ಕೆಲಸ ಅಂದರೆ ತಿಂಗಳಿಗೆ 80 ಗಂಟೆ ಲೆಕ್ಕವೇ? ಗೆಳೆಯನ ಅಕೌಂಟಿನಲ್ಲಿ ಫುಡ್ ಡೆಲಿವರಿ ಮಾಡಬಹುದೇ?
– ಲೆಸ್ಟರ್‌ನಿಂದ ಒಬ್ಬ ಓದುಗ

ಎರಡೂ ಆಗದು. ವಾರ ಅಂದರೆ ಸೋಮವಾರದಿಂದ ಭಾನುವಾರ. ಈ ವಾರ 26, ಮುಂದಿನ ವಾರ 14 ಎಂದು ಸರಿದೂಗಿಸುವಂತಿಲ್ಲ. ಡೆಲಿವರಿ ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುತ್ತದೆ, ಸ್ಟೂಡೆಂಟ್ ವೀಸಾದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಇನ್ನೊಬ್ಬರ ಅಕೌಂಟ್ ಅಂದರೆ ಇನ್ನೂ ಅಪಾಯ. ಜೊತೆಗೆ ಒಂದು ಮಾತು: ಒಂದು ವರ್ಷದ ಮಾಸ್ಟರ್ಸ್‌ನವರಿಗೆ ಬೇಸಿಗೆ ರಜೆ ಅಲ್ಲ. ಡಿಸರ್ಟೇಶನ್ ಬರೆಯುವ ಆ ತಿಂಗಳುಗಳೂ ಟರ್ಮ್ ಸಮಯವೇ, 20 ಗಂಟೆಯ ಮಿತಿ ಹಾಗೇ ಇರುತ್ತದೆ. ಇದರಲ್ಲಿ ತುಂಬಾ ಜನ ಎಡವುತ್ತಾರೆ.

ಪ್ರಶ್ನೆ: ತಮ್ಮನ ಎಂ.ಎಸ್ಸಿ. ಮುಗಿಯಿತು. ಗ್ರಾಜುಯೇಟ್ ವೀಸಾಗೆ ಅರ್ಜಿ ಹಾಕಿ ನನ್ನ ಮದುವೆಗೆ ಬರುತ್ತೇನೆ ಅನ್ನುತ್ತಿದ್ದಾನೆ. ತೊಂದರೆ ಇಲ್ಲ ತಾನೇ?
– ಓದುಗರು, ತುಮಕೂರು

ತೊಂದರೆ ಇದೆ. ಗ್ರಾಜುಯೇಟ್ ವೀಸಾ ಅಂದರೆ ಓದು ಮುಗಿದ ಮೇಲೆ ಅಲ್ಲೇ ಇದ್ದು ಕೆಲಸ ಮಾಡಲು ಸಿಗುವ ವೀಸಾ. ಆ ಅರ್ಜಿಯನ್ನು ಬ್ರಿಟನ್ನಿನ ಒಳಗಿದ್ದೇ ಹಾಕಬೇಕು. ಹಾಕಿದ ಮೇಲೆ ತೀರ್ಮಾನ ಬರುವ ಮುಂಚೆ ಊರಿಗೆ ಹೊರಟರೆ ಅರ್ಜಿ ವಾಪಸ್ ಪಡೆದ ಹಾಗೆ. ಇಲ್ಲೂ ಯೂನಿವರ್ಸಿಟಿಯ ಪಾತ್ರ ಇದೆ: ಇವನು ಕೋರ್ಸ್ ಮುಗಿಸಿದ್ದಾನೆ ಎಂದು ಅವರು ಹೋಮ್ ಆಫೀಸಿಗೆ ತಿಳಿಸಿದ ನಂತರವೇ ಅರ್ಜಿ ಹಾಕಬೇಕು. ತಿಳಿಸಿದ್ದೀರಾ ಅಂತ ಇಮೇಲ್ ಮಾಡಿ ಕೇಳಲಿ. ಅವನ ಸ್ಟೂಡೆಂಟ್ ವೀಸಾ ಸಾಮಾನ್ಯವಾಗಿ ಕೋರ್ಸ್ ಮುಗಿದ ಮೇಲೆ ನಾಲ್ಕು ತಿಂಗಳು ಇರುತ್ತದೆ. ಹಾಗಾಗಿ ಮೊದಲು ಮದುವೆಗೆ ಬಂದು, ಆ ವೀಸಾ ಇರುವಾಗಲೇ ವಾಪಸ್ ಹೋಗಿ, ಆಮೇಲೆ ಅರ್ಜಿ ಹಾಕುವುದು ಒಳ್ಳೆಯದು. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್‌ನವರಿಗೆ ಎರಡು ವರ್ಷದ ಬದಲು 18 ತಿಂಗಳು ಮಾತ್ರ ಸಿಗುತ್ತದೆ. ದಿನಾಂಕ ನೋಡಿಕೊಂಡು ಟಿಕೆಟ್ ಬುಕ್ ಮಾಡಲಿ. ನಿಮ್ಮ ಮದುವೆಗೆ ಶುಭಾಶಯ.