ಕನ್ನಂಬಾಡಿ ಕಟ್ಟೆಯ ಅಂಕಿಗಳು ಚುಕ್ಕೆಗಳಾದಾಗ

ಪ್ರಶ್ನೆ: ಪತ್ರಿಕೆಯಲ್ಲಿ ಪ್ರತಿದಿನ ಬರುವ ಕೆಆರ್‌ಎಸ್ ಜಲಾಶಯದ ಮಟ್ಟ, ಸಂಗ್ರಹ, ಒಳಹರಿವು ಮತ್ತು ಹೊರಹರಿವನ್ನು ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಜೂನ್‌ನಿಂದ ಬರೆದಿಟ್ಟುಕೊಂಡಿದ್ದಾರೆ. ಮಟ್ಟಕ್ಕೂ ಸಂಗ್ರಹಕ್ಕೂ ಸ್ಕ್ಯಾಟರ್ ಪ್ಲಾಟ್ (ಪ್ರತಿದಿನದ ಎರಡು ಅಂಕಿಗಳನ್ನು ಒಂದು ಚುಕ್ಕೆಯಾಗಿ ತೋರಿಸುವ ನಕ್ಷೆ) ಹಾಕಿದರೆ ಚುಕ್ಕೆಗಳ ಸಾಲು ಬಾಗುತ್ತದೆ; ಒಳಹರಿವಿಗೂ ಮಟ್ಟಕ್ಕೂ ಹಾಕಿದರೆ ಎಲ್ಲೆಂದರಲ್ಲಿ ಚೆಲ್ಲಿಹೋಗುತ್ತದೆ. ನೀರು ಬಂದರೆ ಕಟ್ಟೆ ತುಂಬುವುದು ಎಲ್ಲರಿಗೂ ತಿಳಿದಿರುವಾಗ ನಕ್ಷೆಯಲ್ಲಿ ಅದೇಕೆ ಕಾಣುವುದಿಲ್ಲ?
– ಗಣಿತ ಶಿಕ್ಷಕಿ, ಶ್ರೀರಂಗಪಟ್ಟಣ

ಉತ್ತರ: ಮೊದಲನೆಯ ನಕ್ಷೆ ಬಾಗದಿದ್ದರೇ ಅನುಮಾನ ಪಡಬೇಕಾಗಿತ್ತು. ಜಲಾಶಯವು ತಳದಲ್ಲಿ ಕಿರಿದಾಗಿದ್ದು ಮೇಲೇರಿದಂತೆ ಹರಡಿಕೊಳ್ಳುವುದರಿಂದ, 90ರಿಂದ 91 ಅಡಿಗೆ ಏರಲು ಬೇಕಾದುದಕ್ಕಿಂತ 123ರಿಂದ 124 ಅಡಿಗೆ ಏರಲು ಹೆಚ್ಚು ನೀರು ಬೇಕು. ಗರಿಷ್ಠ ಮಟ್ಟವಾದ 124.80 ಅಡಿಯಲ್ಲಿ ಸುಮಾರು 49.45 ಟಿಎಂಸಿ (ಸಾವಿರ ಮಿಲಿಯನ್ ಘನ ಅಡಿ) ನೀರು ಇರುತ್ತದೆ. ಮಟ್ಟ 100 ಅಡಿಗೆ ಇಳಿದಾಗಲೇ ಸಂಗ್ರಹ ಅದರ ಅರ್ಧಕ್ಕಿಂತ ಕಡಿಮೆಯಾಗಿರುವುದನ್ನು ಮಕ್ಕಳೇ ತಮ್ಮ ಪಟ್ಟಿಯಲ್ಲಿ ನೋಡಲಿ. ಎರಡು ಅಳತೆಗಳು ಎಷ್ಟರಮಟ್ಟಿಗೆ ನೇರ ಗೆರೆಯಂತೆ ಜೊತೆಯಾಗಿ ಬದಲಾಗುತ್ತವೆ ಎಂದು ಹೇಳುವ ಸಹಸಂಬಂಧದ ಒಂದು ಸಂಖ್ಯೆ ಇಂತಹ ಬಾಗನ್ನು ಮುಚ್ಚಿಬಿಡುತ್ತದೆ. ಅದು 1ರ ಹತ್ತಿರವೇ ಬಂದು ಎಲ್ಲವೂ ನೇರವಾಗಿದೆ ಎಂಬ ಭ್ರಮೆ ಹುಟ್ಟಿಸೀತು. ಆದ್ದರಿಂದ ಮೊದಲು ಚುಕ್ಕೆಗಳನ್ನು ನೋಡಬೇಕು, ಲೆಕ್ಕ ಆಮೇಲೆ. ಅಡ್ಡ ಅಕ್ಷದಲ್ಲಿ ಮಟ್ಟವನ್ನು ಸೊನ್ನೆಯಿಂದಲೇ ಆರಂಭಿಸಬೇಕೆಂಬ ಕಟ್ಟುಪಾಡೇನೂ ಇಲ್ಲ.

ಎರಡನೆಯದರಲ್ಲಿ ತಪ್ಪಿರುವುದು ಜೋಡಿ. ಒಳಹರಿವು ಆ ದಿನದ್ದು, ಮಟ್ಟವಾದರೋ ತಿಂಗಳುಗಟ್ಟಲೆ ಕೂಡಿಬಂದದ್ದು. ಕೊಡಗಿನಲ್ಲಿ ಮಳೆ ಹಿಡಿದ ಮೊದಲ ವಾರದಲ್ಲಿ ಹರಿವು ಜೋರಾಗಿದ್ದರೂ ಕಟ್ಟೆ ಬರಿದಾಗಿರಬಹುದು; ತುಂಬಿದ ಮೇಲೆ ಹರಿವು ತಗ್ಗಿದರೂ ಮಟ್ಟ ಮೇಲೆಯೇ ಇರುತ್ತದೆ. ಅದರ ಬದಲು ಒಳಹರಿವಿನಲ್ಲಿ ಹೊರಹರಿವನ್ನು ಕಳೆದು ಅಡ್ಡ ಅಕ್ಷದಲ್ಲಿಯೂ, ಒಂದು ದಿನದಲ್ಲಿ ಸಂಗ್ರಹ ಎಷ್ಟು ಏರಿತು ಅಥವಾ ಇಳಿಯಿತು ಎಂಬುದನ್ನು ಲಂಬ ಅಕ್ಷದಲ್ಲಿಯೂ ಇಡಿಸಿ. ಒಂದು ಕ್ಯೂಸೆಕ್ ಹರಿವು, ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಘನ ಅಡಿಯಾಗುತ್ತದೆ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಅಂದರೆ ಸುಮಾರು 11,574 ಕ್ಯೂಸೆಕ್ ವ್ಯತ್ಯಾಸ ಇಡೀ ದಿನ ಉಳಿದರೆ ಸಂಗ್ರಹ ಒಂದು ಟಿಎಂಸಿ ಬದಲಾಗುತ್ತದೆ. ಚುಕ್ಕೆಗಳು ಹೆಚ್ಚುಕಡಿಮೆ ಈ ಲೆಕ್ಕದಿಂದ ಎಳೆದ ನೇರ ಗೆರೆಯ ಆಸುಪಾಸಿನಲ್ಲೇ ಬೀಳಬೇಕು.

ಕರಾರುವಾಕ್ಕಾಗಿ ಗೆರೆಯ ಮೇಲೆಯೇ ಬೀಳುವುದನ್ನು ನಿರೀಕ್ಷಿಸಬೇಡಿ. ಪತ್ರಿಕೆಯ ಹರಿವು ಒಂದು ಹೊತ್ತಿನ ಅಳತೆ. ದಿನವಿಡೀ ಅದು ಹಾಗೆಯೇ ಇರುವುದಿಲ್ಲ, ಸ್ವಲ್ಪ ನೀರು ಆವಿಯಾಗಿಯೂ ಹೋಗುತ್ತದೆ. ಒಂದೇ ಒಂದು ಚುಕ್ಕೆ ಬಹಳ ದೂರ ಸಿಡಿದಿದ್ದರೆ ಅದನ್ನು ಅಳಿಸದೆ, ಆ ದಿನದ ಪತ್ರಿಕೆಯನ್ನು ತೆಗೆಸಿ ನೋಡಿ. 12,400 ಎಂಬುದನ್ನು ಯಾರೋ 1,240 ಎಂದು ಬರೆದುಕೊಂಡಿರಬಹುದು.