ಗಾಣದ ಎಣ್ಣೆ ಕಂಪನಿಗೆ ವಾರವಾರ ಏನು ಬರೆಯುವುದು?

ನಿಮ್ಮ ಗಾಣದ ಎಣ್ಣೆ ಕಂಪನಿಗಾಗಿ ಗಿರಾಕಿಗಳು ಓದಲು ವಾರಕ್ಕೊಂದು ಲೇಖನ ಬರೆಯಬೇಕು, ಆದರೆ ಎರಡೇ ಲೇಖನಕ್ಕೆ ವಿಷಯ ಮುಗಿಯಿತು ಎಂದಿದ್ದೀರಿ. ಬಹುಶಃ ಎಣ್ಣೆಯ ಗುಣಗಾನದಿಂದ ಶುರು ಮಾಡುತ್ತಿದ್ದೀರಿ, ಗಿರಾಕಿಯ ಅನುಮಾನದಿಂದಲ್ಲ. ಮೊದಲು ಫೋನ್ ಎತ್ತುವವರ ಪಕ್ಕ ಒಂದು ವಾರ ನೋಟ್‌ಬುಕ್ ಇಡಿ. ಜನ ಕೇಳಿದ್ದನ್ನು ಅವರ ಮಾತಲ್ಲೇ ಬರೆಸಿ. ಆಮೇಲೆ ವಾಟ್ಸಾಪ್‌ನ ಹಳೆಯ ದೂರುಗಳನ್ನು ಓದಿ. ‘ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ, ಏನು ಬೆರೆಸಿದ್ದೀರಿ?’ ಎಂಬ ಒಂದೇ ಪ್ರಶ್ನೆ ಡಿಸೆಂಬರ್‌ಗೆ ಪೂರ್ತಿ ಲೇಖನ: ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದು ಸಹಜ, ಬಾಟಲಿಯನ್ನು ಬೆಚ್ಚಗಿನ ನೀರಲ್ಲಿಟ್ಟರೆ ಕರಗುತ್ತದೆ. ಶೇಂಗಾ ಎಣ್ಣೆಯ ತಳದಲ್ಲಿ ಕೂರುವ ಗಸಿ ಇನ್ನೊಂದು. ಮೂರು ಸಲ ಬಂದ ಪ್ರಶ್ನೆಯನ್ನೇ ಮೊದಲು ಬರೆಯಿರಿ. ಶೀರ್ಷಿಕೆಯಲ್ಲೂ ಗಿರಾಕಿಯ ಮಾತೇ ಇರಲಿ. ನಿಮ್ಮ ಮಾರಾಟ ಹೆಚ್ಚಾಗಿ ಅಂಗಡಿಗಳ ಮೂಲಕವಾದರೆ ಫೋನ್ ಅಷ್ಟು ಬರಲಿಕ್ಕಿಲ್ಲ, ಆಗ ಅಂಗಡಿಯವರನ್ನೇ ಕೇಳಿ.