ಎಂಆರ್‌ಐ ನಾರ್ಮಲ್, ಆದರೂ ಎದೆ ಡವಡವ

ಎರಡು ವರ್ಷದ ಹಿಂದೆ ಮನೆಯಲ್ಲಿ ಕುಕ್ಕರ್ ಸಿಡಿಯಿತು. ಈಗ ಪಕ್ಕದ ಮನೆ ಕುಕ್ಕರ್ ಕೂಗಿದರೂ ಎದೆ ಡವಡವ, ಕೈ ಬೆವರು. ಎಂಆರ್‌ಐನಲ್ಲಿ ಮಿದುಳಿನ ನಡುವಿನ ಥಾಲಮಸ್ ಎಂಬ ಭಾಗ ನಾರ್ಮಲ್. ಇನ್ನೂ ದೊಡ್ಡ ಸ್ಕ್ಯಾನ್ ಬೇಕಾ?

ಬೇಡ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಕೇಳಿದವರ ಮೇಲಲ್ಲ. ಸ್ಕ್ಯಾನಿಗೆ ಸಾವಿರಾರು ರೂಪಾಯಿ ಸುರಿದು, ‘ನಾರ್ಮಲ್’ ಅಂತ ಬಂದ ಮೇಲೆ ಮನೆಯವರಿಂದ ‘ಎಲ್ಲ ನಿನ್ನ ಭ್ರಮೆ’ ಅಂತ ಬೈಸಿಕೊಂಡಿರುತ್ತಾರೆ. ಭ್ರಮೆ ಅಲ್ಲ. ಎಂಆರ್‌ಐ ಇರುವುದು ಗಡ್ಡೆ, ರಕ್ತಸ್ರಾವದಂಥವನ್ನು ಹುಡುಕಲು. ಹೆದರಿಕೆ ಅದರಲ್ಲಿ ಕಾಣುವುದಿಲ್ಲ.

ಥಾಲಮಸ್ ಒಂದೇ ಮುದ್ದೆಯಲ್ಲ, ನರಕೋಶಗಳ ಹಲವು ಗುಂಪು. ಕುಕ್ಕರ್ ಶಬ್ದ ಥಾಲಮಸ್‌ನಲ್ಲಿ ಮೊದಲು ಮೀಡಿಯಲ್ ಜೆನಿಕ್ಯುಲೇಟ್ ಎಂಬ ಗುಂಪಿಗೆ ಬರುತ್ತದೆ. ಅಲ್ಲಿಂದ ಮಿದುಳಿನ ಹೊರಪದರಕ್ಕೊಂದು ದಾರಿ. ಇನ್ನೊಂದು ಒಳದಾರಿ ಆ ಭಾಗದಿಂದಲೇ ನೇರ ಅಮಿಗ್ಡಲಾಗೆ, ಅಂದರೆ ಅಪಾಯ ಅಂತ ಮಿದುಳಿನಲ್ಲಿ ಗಂಟೆ ಬಾರಿಸುವ ಭಾಗಕ್ಕೆ; ಇದು 1980ರ ದಶಕದಲ್ಲಿ ನರವಿಜ್ಞಾನಿ ಜೋಸೆಫ್ ಲೆಡೂ ಇಲಿಗಳಲ್ಲಿ ತೋರಿಸಿದ್ದು. ‘ಅಯ್ಯೋ, ಪಕ್ಕದ ಮನೇದು’ ಅಂತ ಹೊಳೆಯುವ ಮೊದಲೇ ಎದೆ ಹೊಡೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಹಳೇ ಭಯದ್ದು ಬೇರೆ ಕಥೆ. ಥಾಲಮಸ್‌ನ ನಡುಭಾಗದಲ್ಲಿ ಪ್ಯಾರಾವೆಂಟ್ರಿಕ್ಯುಲರ್ ಅಂತ ಒಂದು ಗುಂಪಿದೆ. 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ಭಯ ಕಲಿತ ಕೆಲವೇ ಗಂಟೆಗಳಲ್ಲಿ ಪರೀಕ್ಷಿಸಿದಾಗ ಇಲಿಗಳಿಗೆ ಈ ಗುಂಪು ಬೇಕಾಗಿರಲಿಲ್ಲ, ಒಂದು ದಿನ ಕಳೆದ ಮೇಲೆ ಮಾತ್ರ ಇದನ್ನು ತಡೆದರೆ ಭಯ ಇಳಿಯಿತು. ‘ನನ್ನದೂ ತಡೆಯಿರಿ ಡಾಕ್ಟ್ರೇ’ ಅನ್ನಬೇಡಿ, ಮನುಷ್ಯರಿಗೆ ಅಂಥ ಚಿಕಿತ್ಸೆ ಬಂದಿಲ್ಲ. ಆದರೆ ಅದೇ ಥಾಲಮಸ್‌ನ ರೀಯೂನಿಯನ್ಸ್ ಎಂಬ ಗುಂಪಿಗೆ ಭಯ ಆರಿಸುವುದರಲ್ಲೂ ಪಾಲಿದೆ ಅಂತ ಇಲಿಗಳಲ್ಲಿ ಗೊತ್ತಾಗಿದೆ.

ಕಲಿತ ಭಯವನ್ನು ಮತ್ತೆ ಕಲಿತೇ ಇಳಿಸಬೇಕು. ಕುಕ್ಕರ್ ಸೀಟಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಸಣ್ಣ ದನಿಯಲ್ಲಿ ಕೇಳಿ, ಎದೆ ತಣ್ಣಗಾಗುವವರೆಗೂ ಕೂತಿರಿ. ಆಮೇಲೆ ದನಿ ಏರಿಸಿ. ಆಮೇಲೆ ಅಡುಗೆಮನೆ ಬಾಗಿಲು. ನುರಿತ ಥೆರಪಿಸ್ಟ್ ಜೊತೆಗಿದ್ದರೆ ಒಳ್ಳೆಯದು, ಒಬ್ಬರೇ ಹಟಕ್ಕೆ ಬಿದ್ದು ಮಾಡಬೇಡಿ. ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಥೈರಾಯ್ಡ್, ಇಸಿಜಿ ಒಮ್ಮೆ ನೋಡಿಸಿ, ಅಷ್ಟು ಸಾಕು.

ನೆತ್ತಿ ಒತ್ತಿ ‘ಥಾಲಮಸ್ ರೀಸೆಟ್’ ಮಾಡುತ್ತಾರಂತೆ, ಹೋಗಲಾ?

ಮೋಸ. ಅದು ತಲೆಯ ನಟ್ಟನಡುವೆ ಇದೆ, ಯಾರ ಬೆರಳಿಗೂ ಸಿಗುವುದಿಲ್ಲ.

ಅಕ್ಕನ ಆತಂಕದ ಮಾತ್ರೆ ಆಲ್ಪ್ರಜೋಲಾಮ್ ಒಂದು ನುಂಗಲಾ?

ಖಂಡಿತ ಬೇಡ, ಚಟ ಅಂಟಬಹುದು. ನಿಮ್ಮಕ್ಕ ದಿನಾ ತಗೊಳ್ಳುತ್ತಿದ್ದರೆ ಅವರಿಗೂ ಹೇಳಿ: ಡಾಕ್ಟರನ್ನು ಕೇಳದೆ ದಿಢೀರ್ ಅಂತ ನಿಲ್ಲಿಸಬಾರದು, ಫಿಟ್ಸ್ ಬರಬಹುದು.